ಅಪ್ಪ ಬಂತು

ನಾನು ಹಾವೇರಿ ಕಡೆಯವಳು. ಕಾನಸೂರಿನ ಹತ್ತಿರದ ಶಾಲೆಗೆ ಬಂದ ಹೊಸತರಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಹೊರಗೆ ಆಯಿ ಬಂತು" ಅಂದಳು. ಏನೋ ಪಾರ್ಸೆಲ್ ಬಂದಿರಬೇಕೆಂದು ಹೋಗಿ ನೋಡಿದರೆ, ನಿಂತಿದ್ದದ್ದು ಅವಳ ತಾಯಿ. ಇಲ್ಲಿನ ತೋಟದ ಮನೆಗಳ ಮಾತೇ ಹಾಗೆ. ಅಪ್ಪ ಬಂದ, ಅಣ್ಣ ಬಂದ. ಹೆಂಗಸರಾದ ಆಯಿ, ಅಕ್ಕ ಮಾತ್ರ ಬಂತು. ಅದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲವಂತೆ. ಇದ್ದೀತು. ನನಗಂತೂ ಮೈ ಉರಿಯಿತು.

ಒಂದು ದಿನ ಅದೇ ಹುಡುಗಿ ತಾನು ಬರೆದದ್ದನ್ನು ಓದಿದಳು: "ನನ್ನ ಅಮ್ಮ ಅಡುಗೆ ಮಾಡುತ್ತದೆ."

"ಅಮ್ಮ ಏನು ಮಿಕ್ಸರಾ?" ಎಂದ ಹಿಂದಿನ ಬೆಂಚಿನವನೊಬ್ಬ. ತರಗತಿಯೆಲ್ಲ ನಕ್ಕಿತು. ಅವತ್ತು ಬಾಯಿಗೆ ಬೀಗ ಹಾಕಿಕೊಂಡವಳು ಮತ್ತೆ ತೆಗೆಯಲಿಲ್ಲ. ಮುತ್ತಿನಂತೆ ಬರೆಯುತ್ತಾಳೆ, ಓದು ಅಂದರೆ ನೆಲ ನೋಡುತ್ತಾಳೆ. ಪೋಷಕರ ಸಭೆಯಲ್ಲಿ ಪ್ರತಿ ಮಗುವೂ ಒಂದು ಪ್ರಾಣಿಯ ಬಗ್ಗೆ ಓದಬೇಕಿತ್ತು. ಇವಳನ್ನು ಓದಿಸದೆ ಬಿಡುವುದಿಲ್ಲ ಎಂದು ನಾನೂ ಹಟ ಹಿಡಿದೆ.

ತಪ್ಪೆಂದರೆ ಹೆದರುವ ಮಕ್ಕಳಿಗೆ ಬೇರೆಯವರ ತಪ್ಪು ಹುಡುಕುವುದೆಂದರೆ ಹಬ್ಬ. ಅದಕ್ಕೇ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಪ್ರಾಣಿಗಳ ಬಗ್ಗೆ ತಪ್ಪುತಪ್ಪಾಗಿ ಬರೆದು, ಕೆಂಪು ಸೀಮೆಸುಣ್ಣ ಅವರ ಕೈಗೆ ಕೊಡತೊಡಗಿದೆ. 'ಬಾವಲಿಗಳು ತಲೆಕೆಳಗಾಗಿ ಮಲಗುತ್ತದೆ' ಎಂದು ಬರೆದರೆ 'ಮಲಗುತ್ತವೆ' ಮಾಡಲು ನೂಕುನುಗ್ಗಲು. 'ಆವಿಗೆ ಹೊರಕಿವಿ ಇಲ್ಲ' ಎಂದು ಬರೆದ ದಿನ ಒಬ್ಬ ಗಂಭೀರವಾಗಿ, "ಆವಿಗೆ ಬಾಯೂ ಇಲ್ಲೆ ಟೀಚರ್, ಹಾವಿಗಾದ್ರೆ ಇದ್ದು" ಎಂದು 'ಆ' ಅಳಿಸಿ 'ಹಾ' ಬರೆದ. ನಕ್ಕೂ ನಕ್ಕೂ ನನಗೆ ಪಾಠ ಮುಂದುವರಿಸಲಾಗಲಿಲ್ಲ. ಹುಡುಗಿಯೂ ನಕ್ಕಳು, ಆದರೆ ಮಾತಾಡಲಿಲ್ಲ.

ಆಮೇಲೆ ಮಂಗಟ್ಟೆ ಹಕ್ಕಿಯ ಸರದಿ ಬಂತು. 'ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಕಾವು ಕೊಡುತ್ತಾಳೆ. ಗಂಡು ಮಂಗಟ್ಟೆ ಹಣ್ಣು ತಂದು ಸಂದಿಯಿಂದ ತಿನ್ನಿಸುತ್ತಾನೆ.' ಹೆಣ್ಣು ಹಕ್ಕಿ ಪೊಟರೆಯ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸಂದಿ ಬಿಡುತ್ತದೆ ಎಂದು ವಿವರಿಸಿದೆ. ಮಕ್ಕಳು 'ಕೊಡುತ್ತದೆ', 'ತಿನ್ನಿಸುತ್ತದೆ' ಎಂದು ತಿದ್ದಿದರು. ಆಗ ಹುಡುಗಿ ಎದ್ದು ನಿಂತಳು.

"ಟೀಚರ್, ಹಕ್ಕೀಲಿ ಗಂಡಿಗೂ 'ತದೆ', ಹೆಣ್ಣಿಗೂ 'ತದೆ'. ನಮ್ಮನೇಲಿ ಹೆಣ್ಣಿಗೆ ಮಾತ್ರ ಎಂತಕೆ?"

ಈ ಸಲ ಯಾರೂ ನಗಲಿಲ್ಲ. "ಚಲೋ ಕೇಳಿದಿ ನೋಡವ್ವಾ. ನೀನ ಬರೆದು, ನೀನ ತಿದ್ದಿ, ಸಭಾದಾಗ ನೀನ ಓದು" ಅಂದೆ. ಬೇಡ ಅನ್ನಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ಸಭೆಯ ದಿನ ಅವಳ ಅಪ್ಪ ಒಬ್ಬನೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ತಾಯಿ ಬಾಣಂತಿ, ಮನೆಯಲ್ಲಿ ಹದಿನೈದು ದಿನದ ಪಾಪು. ಹೆಸರು ಕರೆದೆ. ಹುಡುಗಿ ಮುಂದೆ ಬಂದು ಹಾಳೆ ಹಿಡಿದು ನಿಂತಳು. ಹಿಂದಿನ ಬೆಂಚಿನ ಆ ಹುಡುಗನನ್ನು ದುರುಗುಟ್ಟಿ ನೋಡುತ್ತ ನಾನು ಕೂತೆ. ಕೊನೆಗೆ ದನಿ ಹೊರಟಿತು.

"ಹೆಣ್ಣು ಮಂಗಟ್ಟೆ ಪೊಟರೆಯಲ್ಲಿ ಇರುತ್ತದೆ. ಗಂಡು ಮಂಗಟ್ಟೆ ಹಣ್ಣು ತರುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಪಾಪುವಿನ ಜೊತೆ ಕೋಣೆಯಲ್ಲಿ ಇರುತ್ತಾಳೆ. ಅಪ್ಪ ಬಾಗಿಲಿಗೆ ಗಂಜಿ ತರುತ್ತದೆ."

ಸಭೆ ಹೋ ಎಂದು ನಕ್ಕಿತು. ಅಭ್ಯಾಸಬಲ, ನನ್ನ ಬಾಯಿ 'ತರುತ್ತಾನೆ' ಅನ್ನಲು ತೆರೆದೇ ಇತ್ತು. ಹುಡುಗಿ ಈ ಸಲ ನೆಲ ನೋಡಲಿಲ್ಲ. ನೇರ ಅಪ್ಪನ ಮುಖ ನೋಡುತ್ತಿದ್ದಳು. ಅವನು ಕಿವಿಯವರೆಗೂ ಕೆಂಪಾಗಿ ಎದ್ದು ನಿಂತ.

"ತಿದ್ದಡಿ ಟೀಚರ್. ಸರಿಯಾಗೇ ಬರದ್ದು" ಎಂದು ಕೂತ. ತಿದ್ದುವುದು ಬೇಡವಂತೆ; ನಾನು ಬಾಯಿ ಮುಚ್ಚಿದೆ. ಅವಳು ಉಳಿದದ್ದನ್ನು ಕೊನೆಯ ಅಕ್ಷರದವರೆಗೂ ಓದಿದಳು. ಚಪ್ಪಾಳೆ ತಟ್ಟಿ ತಟ್ಟಿ ನನ್ನ ಕೈ ಉರಿಯಿತು.

ಸಭೆ ಮುಗಿದ ಮೇಲೆ ಅವಳು ಗೆಳತಿಯರ ನಡುವೆ ನಿಂತು ಬಾಯಿ ಮುಚ್ಚದೆ ಹರಟುತ್ತಿದ್ದಳು. ಗೇಟಿನ ಹತ್ತಿರ ಬೈಕ್ ನಿಂತಿತು. ಅಪ್ಪ ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಕರೆದ: "ಬಾರೇ ಕೂಸೇ, ಮನೆಗೆ ಹೋಪನ. ಅಪ್ಪ ಬಂತು."