ತಂಗಿಯ ಕಾರಿಗಿಂತ ನಾಲ್ಕು ಬೆರಳು ಕಡಿಮೆ

ನನ್ನ ತಂಗಿ ದೊಡ್ಡ ಕಾರು ತೆಗೆದುಕೊಂಡ ದಿನ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬಿಳಿ ಎಸ್‌ಯುವಿ, ಬಾನೆಟ್ಟಿನ ಮೇಲೆ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು, ಮುಂದಿನ ಸೀಟಿನಲ್ಲಿ ಅಮ್ಮ. ಜೀವನ್ ಬಿಮಾ ನಗರದ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅಮ್ಮನ ಮುಖ ನೋಡಿದೆ. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅವಳು ಅಷ್ಟು ನಕ್ಕಿರಲಿಲ್ಲ.

ತಂಗಿ ಇರುವುದು ರಾಮಮೂರ್ತಿ ನಗರದಲ್ಲಿ. ಓದಿನಲ್ಲಿ ನಾನು ಮುಂದಿದ್ದೆ, ಮೊದಲು ಕೆಲಸಕ್ಕೆ ಸೇರಿದವಳೂ ನಾನೇ. ಆದರೂ ಅವಳಿಗೆ ಏನು ಸಿಕ್ಕರೂ ಅದನ್ನು ನನ್ನ ತಟ್ಟೆಯಿಂದ ಎತ್ತಿ ಕೊಟ್ಟ ಹಾಗೆ ನನಗೆ ಅನ್ನಿಸುತ್ತದೆ. ನಮ್ಮ ಹಳೆಯ ಕಾರು ಬದಲಾಯಿಸಬೇಕೆಂದು ಒಂದು ವರ್ಷದಿಂದ ಬರೀ ಮಾತಾಡುತ್ತಿದ್ದೆವು. ಫೋಟೋ ಬಂದ ವಾರವೇ ಗಂಡನನ್ನು ಎಳೆದುಕೊಂಡು ಹಳೆ ಮದ್ರಾಸ್ ರಸ್ತೆಯ ಶೋರೂಮಿಗೆ ಹೋದೆ.

ಅಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ದೊಡ್ಡದು ತಂಗಿ ಕೊಂಡದ್ದೇ. ಚಿಕ್ಕದೂ ಅದೇ ಕಂಪನಿಯದು. ಅದೇ ದೀಪ, ಅದೇ ಸ್ಟೀರಿಂಗು, ಬಾಗಿಲು ಹಾಕಿದರೆ ಅದೇ ಸದ್ದು.

"ಇಂಜಿನ್ ಎರಡಕ್ಕೂ ಒಂದೇ ಮೇಡಂ," ಎಂದರು ಸೇಲ್ಸ್‌ನವರು. "ದೊಡ್ದು ಒಂದೂವರೆ ಗೇಣು ಉದ್ದ, ನಾಲ್ಕು ಬೆರಳು ಅಗಲ ಜಾಸ್ತಿ. ಡಿಕ್ಕೀನೂ ದೊಡ್ದು, ಅಷ್ಟೇ."

"ಮಗಳು ಹಾಸ್ಟೆಲಲ್ಲಿದಾಳೆ. ಇರೋದು ನಾವಿಬ್ರು. ಅಷ್ಟು ದೊಡ್ಡ ಡಿಕ್ಕೀಲಿ ಏನ್ ತುಂಬ್ತೀಯ?" ಎಂದ ಗಂಡ.

"ದೊಡ್ದೇ ಇರ್ಲಿ."

"ನಿಂಗೆ ಕಾರ್ ಬೇಕಾ, ತಂಗಿ ಹತ್ರ ಇರೋದು ಬೇಕಾ?"

ಸೇಲ್ಸ್‌ನವರ ಎದುರಿಗೇ ಕೇಳಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ತಂಗಿಯದಕ್ಕಿಂತ ದೊಡ್ಡದು. ಅದು ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಟೆಸ್ಟ್ ಡ್ರೈವಿಗೆ ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ನಾನು ಹಲಸೂರು ಎಂದೆ. ಅಮ್ಮ ಅಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾಳೆ. ಅಮ್ಮ ಹೊರಗೆ ಬಂದು ನನ್ನನ್ನೂ ದೊಡ್ಡ ಕಾರಿನಲ್ಲಿ ನೋಡಲಿ ಎಂಬುದು ನನ್ನ ಆಸೆ. ಆದರೆ ಬಜಾರ್ ಬೀದಿಯಿಂದ ಅಮ್ಮನ ಗಲ್ಲಿಗೆ ತಿರುಗುವಲ್ಲೇ ಕಾರು ಸಿಕ್ಕಿಕೊಂಡಿತು. ಒಂದು ಪಕ್ಕ ಕರೆಂಟು ಕಂಬ, ಇನ್ನೊಂದು ಪಕ್ಕ ಎಳನೀರಿನ ಗಾಡಿ. ಲುಂಗಿ ಉಟ್ಟ ಒಬ್ಬರು ಮುಂದೆ ಬಂದು ಕನ್ನಡಿ ಮಡಚಿ, "ಸ್ಟೀರಿಂಗ್ ಒಡೀರಿ, ರೈಟ್ ಒಡೀರಿ! ಸ್ಟಾಪ್ ಸ್ಟಾಪ್! ಆಗಲ್ಲಮ್ಮ, ರಿವರ್ಸ್ ತಗೊಳ್ಳಿ," ಎಂದರು. ಹಿಂದೆ ಸ್ಕೂಟರುಗಳು ಹಾರ್ನ್ ಹೊಡೆಯುತ್ತಿದ್ದವು. ಬೆವರಿಳಿಸುತ್ತಾ ಹಿಂದಕ್ಕೆ ಬಂದೆ.

ಶೋರೂಮಿಗೆ ಮರಳಿ ಚಿಕ್ಕದನ್ನು ತೆಗೆದುಕೊಂಡು ಮತ್ತೆ ಅಲ್ಲಿಗೇ ಹೋದೆ. ಕನ್ನಡಿ ಮಡಚಿಕೊಂಡು, ಉಸಿರು ಬಿಗಿಹಿಡಿದು ತಿರುಗಿಸಿದರೆ ಕಾರು ಒಳಗೆ ಬಂದು ಅಮ್ಮನ ಬಾಗಿಲ ಮುಂದೆ ನಿಂತಿತು. ಆಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ತಂಗಿಯ ಕಾರು ಎಂದಿಗೂ ಬರಲಾರದ ಜಾಗದಲ್ಲಿ ನಾನು ನಿಂತಿದ್ದೆ. "ಇದೇ ಸಾಕು," ಎಂದೆ. ಗಂಡ ನನಗೆ ಬುದ್ಧಿ ಬಂತೆಂದು ತಿಳಿದ.

ಕಾರು ಬಂದ ಕೆಲವು ತಿಂಗಳಿಗೆ ಅಮ್ಮನ ಮಂಡಿಗೆ ಆಪರೇಷನ್ ಆಯಿತು. ಇಂದಿರಾನಗರದಲ್ಲಿ ಫಿಸಿಯೋಥೆರಪಿ. ಅಣ್ಣನದು ಶಿಫ್ಟ್ ಕೆಲಸ, ಹಾಗಾಗಿ ಒಂದು ದಿನ ನಾನು, ಒಂದು ದಿನ ತಂಗಿ ಕರೆದೊಯ್ಯುವುದೆಂದಾಯಿತು. ಅಮ್ಮ ಇನ್ನು ನನ್ನ ಕಾರನ್ನೇ ಬಯಸುತ್ತಾಳೆ ಎಂದು ನಾನು ಖಾತ್ರಿಯಾಗಿ ನಂಬಿದ್ದೆ. ಹೊಸ್ತಿಲು ದಾಟಿದರೆ ಸೀಟು, ಇನ್ನೇನು ಬೇಕು?

ಒಂದು ಬೆಳಿಗ್ಗೆ ತಂಗಿಯ ಸರದಿ. ಅಮ್ಮನಿಗೆ ಇಷ್ಟವೆಂದು ಮಾಡಿದ್ದ ಹೀರೇಕಾಯಿ ಚಟ್ನಿ ಕೊಡಲು ನಾನೂ ಹೋದೆ. ಗಲ್ಲಿಯ ನಡುವೆ ಅವರಿಬ್ಬರೂ ಬರುತ್ತಿದ್ದರು. ತಂಗಿ ಕಾರನ್ನು ಬಜಾರ್ ಬೀದಿಯಲ್ಲೇ ಬಿಟ್ಟಿದ್ದಳು. ಅಮ್ಮ ವಾಕರ್ ಊರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಇಸ್ತ್ರಿ ಮಾಡಿದ ಮೈಸೂರು ಸಿಲ್ಕ್ ಸೀರೆ, ದೊಡ್ಡ ಕುಂಕುಮ. ನನ್ನ ಸರದಿಯ ದಿನ ಅವಳು ಮನೆಯಲ್ಲಿ ಉಡುವ ಹಳೆಯ ವಾಯಿಲ್ ಸೀರೆಯಲ್ಲೇ ಬಂದುಬಿಡುತ್ತಿದ್ದಳು. ಎದುರು ಮನೆಯಾಕೆ "ಎಪ್ಪಡಿ ಇರುಕ್ಕೀಂಗಮ್ಮಾ?" ಎಂದು ಕ್ಷೇಮ ವಿಚಾರಿಸಿದಳು. ಅಮ್ಮ ನಿಂತು ತಮಿಳಿನಲ್ಲೇ ಮಂಡಿಯ ಕತೆಯನ್ನೆಲ್ಲ ಹೇಳಿದಳು. ತಂಗಿ ಅವಸರಪಡಿಸದೆ ಪಕ್ಕದಲ್ಲಿ ನಿಂತಿದ್ದಳು. ನಾನು ಚಟ್ನಿ ಡಬ್ಬಿಯನ್ನು ಅತ್ತಿಗೆಯ ಕೈಗಿಟ್ಟು ಹೊರಟುಬಂದೆ.

ನನ್ನ ಸರದಿ ಬಂದಾಗ ತಡೆಯಲಾಗಲಿಲ್ಲ. "ಅಷ್ಟು ದೂರ ನಡೆಸ್ತಾಳಲ್ಲ, ನಿಂಗೆ ನೋವಾಗಲ್ವಾ?" ಎಂದು ಕೇಳಿದೆ.

"ಆಗತ್ತೆ. ಡಾಕ್ಟ್ರು ನಡೀರಿ ಅಂತಾನೇ ಹೇಳಿರೋದು. ತಿಂಗ್ಳುಗಟ್ಲೆ ಒಳಗೇ ಬಿದ್ದಿದೀನಿ. ನಾಲ್ಕು ಜನಾನ ಮಾತಾಡಿಸ್ಬೇಕು ಅನ್ಸತ್ತೆ. ನೀನು ಬಾಗ್ಲಲ್ಲೇ ಹತ್ತಿಸ್ಕೊಂಡು ಬಾಗ್ಲಲ್ಲೇ ಇಳಿಸ್ತೀಯ, ಕೊರಿಯರ್ ಥರ."

ಅವಳು ತಮಾಷೆಗೆ ಹೇಳಿದ್ದು. ನಾನು ಮಾತ್ರ ಸಿಗ್ನಲ್ಲಿನಲ್ಲಿ ಹಸಿರು ಬಿದ್ದದ್ದನ್ನೂ ನೋಡಲಿಲ್ಲ.

ಮುಂದಿನ ಸಲ ನಾನೂ ಕಾರನ್ನು ಬಜಾರ್ ಬೀದಿಯಲ್ಲಿ ನಿಲ್ಲಿಸಿ ಒಳಗೆ ನಡೆದುಹೋದೆ.

"ಯಾಕೆ, ಗಾಡಿ ಕೆಟ್ಟೋಯ್ತಾ?" ಎಂದಳು ಅಮ್ಮ.

"ಇಲ್ಲ, ನಡ್ಕೊಂಡು ಹೋಗೋಣ."

ಅವಳು ನನ್ನನ್ನು ಒಮ್ಮೆ ನೋಡಿ, "ಹಾಗಾದ್ರೆ ಇರು," ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. ಅಷ್ಟಕ್ಕೇ ನನ್ನ ಎದೆ ಹಗುರಾಯಿತು. ಆದರೆ ಗಲ್ಲಿಯುದ್ದಕ್ಕೂ ಎಲ್ಲರದೂ ಒಂದೇ ಪ್ರಶ್ನೆ: "ಚಿಕ್ಕ ಮಗಳು ಬರ್ಲಿಲ್ವಾ?" ಅಮ್ಮ ಪ್ರತಿಯೊಬ್ಬರಿಗೂ, "ಇವ್ಳು ದೊಡ್ಡೋಳು," ಎಂದು ನನ್ನನ್ನು ಹೊಸಬಳಂತೆ ಪರಿಚಯಿಸಿದಳು. ನಾನು ಹುಟ್ಟಿ ಬೆಳೆದ ಗಲ್ಲಿ ಅದು.

ಗಲ್ಲಿಯ ತುದಿಯಲ್ಲಿ ಹೂವಿನವಳು ಕೂತಿದ್ದಳು. ಅಮ್ಮ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡಳು. ಇನ್ನೊಂದು ಮೊಳ ತೆಗೆದುಕೊಂಡು ನನ್ನ ಕೈಗಿಟ್ಟು, "ಹಿಡ್ಕೊಂಡಿರು, ನಾಳೆ ಚಿಕ್ಕೋಳು ಬರ್ತಾಳೆ, ಅವ್ಳಿಗೆ," ಎಂದಳು.

ನಾನು ಆ ಹೂವನ್ನು ಅಲ್ಲೇ ನಿಂತು ನನ್ನ ಮುಡಿಗೆ ಮುಡಿದುಕೊಂಡೆ. ಅಮ್ಮ ನೋಡಿದಳು. ಹೂವಿನವಳಿಗೆ ಇನ್ನೊಂದು ಮೊಳ ಅಳೆಯಲು ಕೈಸನ್ನೆ ಮಾಡಿದಳು.