ಆಕಾಶಕ್ಕೆ ಬೀಸಿದ ಕಂಬಳಿ

ಕುರಿ ಕಾಯುವ ಕಾಕಾ ಹೆಗಲ ಮೇಲಿನ ಕಂಬಳಿ ತೆಗೆದು ಆಕಾಶದ ಕಡೆಗೆ ಬೀಸತೊಡಗಿದಾಗ ನಾನು ದಂಗಾಗಿ ನಿಂತೆ.

ಕೌಜಲಗಿಯ ಹೊರಗೆ, ಮಳೆ ಬಿಡುವು ಕೊಟ್ಟಿದ್ದ ಒಂದು ಸಂಜೆ. ಬಾಹ್ಯಾಕಾಶ ನಿಲ್ದಾಣ ಹಾದುಹೋಗುವುದನ್ನು ತೋರಿಸಲು ಶಾಲೆಯ ಮಕ್ಕಳನ್ನು ಬಯಲಿಗೆ ಕರೆತಂದಿದ್ದೆ. ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕಾಕಾ ನಮ್ಮ ಬಳಿ ಬಂದರು. ನಾನು ಪೂರ್ವಕ್ಕೆ ಬೆರಳು ತೋರಿಸಿ, ಅದು ಅಲ್ಲಿಂದ ಬರುತ್ತದೆ ಎಂದು ವಿವರಿಸುತ್ತಿದ್ದೆ.

"ಅಕ್ಕೋರ, ಅದು ಹೊತ್ತು ಮುಳುಗೂ ಕಡಿಂದ ಬರತೈತ್ರಿ. ಮಿಣಕ್ ಮಿಣಕ್ ಅನ್ನಂಗಿಲ್ಲ, ಸುಮ್ಮನ ನಡೀತೈತಿ" ಎಂದರು.

ಹಾಗೆಯೇ ಆಯಿತು. ಪಶ್ಚಿಮದಿಂದಲೇ ಬಂತು. ಕುರಿಗಳೊಂದಿಗೆ ಬಯಲಲ್ಲೇ ಮಲಗುವ ಅವರು ಅದನ್ನು ಎಷ್ಟೋ ಸಲ ಕಂಡಿದ್ದರು. ಅದರೊಳಗೆ ಮನುಷ್ಯರಿರುವುದು ಮಾತ್ರ ಗೊತ್ತಿರಲಿಲ್ಲ. ಈಗ ನಮ್ಮ ದೇಶದವರೂ ಒಬ್ಬರು ಅದರಲ್ಲಿದ್ದಾರೆ ಎಂದು ನಾನು ಹೇಳಿದ್ದೇ ತಡ, ಕಂಬಳಿ ಮೇಲೆದ್ದಿತು. ಅಷ್ಟು ಎತ್ತರದಿಂದ ಅವರಿಗೆ ಕಾಣುವುದಿಲ್ಲ ಎಂದೆ. ಕಾಕಾ ಬೀಸುವುದನ್ನು ನಿಲ್ಲಿಸಲಿಲ್ಲ.

"ಅಡವ್ಯಾಗ ನಮ್ಮ ಮಂದಿ ದೂರ ಹಿಂಡು ಹೊಡ್ಕೊಂಡು ಹೊಂಟಿದ್ರ ಹಿಂಗ ಬೀಸತೇವ್ರಿ. ಕಾಣಲಿ ಬಿಡಲಿ, ಮನಿ ಬಿಟ್ಟು ಹ್ವಾದವ್ರಿಗೆ ನಾವು ಬೀಸಬೇಕ್ರಿ!"

ಮಕ್ಕಳು ಕೈ ಬೀಸಿದರು, ಕೂಗಿದರು. ಕುರಿಗಳು ಬೆದರಿ ಎದ್ದು ನಿಂತವು. ಬೆಳಕು ಮರೆಯಾಗುವವರೆಗೂ ಕಾಕಾ ಎದೆಯುಬ್ಬಿಸಿ ನಿಂತೇ ಇದ್ದರು, ತಮ್ಮ ಮನೆಯವರೇ ಹೊರಟಂತೆ.

ಈಗಲೂ ಆ ಬೆಳಕು ಹಾಯುವ ಸಂಜೆ ನಾನು ಮಾಳಿಗೆ ಹತ್ತಿ ಸೆರಗು ಬೀಸುತ್ತೇನೆ. ಯಾರಿಗೆ ಎಂದು ಪಕ್ಕದ ಮನೆಯವರು ಕೇಳಿದರೆ, "ನಮ್ಮ ಮಂದಿಗೆ" ಎನ್ನುತ್ತೇನೆ.