ಪರ್ಸೆಂಟ್ ಗುರುತು ನುಂಗಿದ ಹೆಸರು

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆ ರಾತ್ರಿ ಪಾಂಡವಪುರದ ನನ್ನ ಟೈಪಿಂಗ್ ಅಂಗಡಿಯಲ್ಲಿ ನಾನು ಕುಡಿದಿರಲಿಲ್ಲ, ತೂಕಡಿಸಿರಲೂ ಇಲ್ಲ.

ಪಿಎಚ್‌ಡಿ ಪ್ರಬಂಧಗಳನ್ನು ಲೇಟೆಕ್ ಎಂಬ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಅಚ್ಚಿಗೆ ಜೋಡಿಸುವುದು ನನ್ನ ಕೆಲಸ. ಆ ಹಾಳಾದ್ದಕ್ಕೆ ಕೆಲವು ಚಿಹ್ನೆ ಕಂಡರಾಗದು. &, #, _ ಸುಮ್ಮನೆ ಬಿದ್ದರೆ ಎರರ್ ಎಂದು ಕೂಗುತ್ತದೆ; ಹಿಂದೊಂದು ಓರೆಗೆರೆ ಹಾಕಿದರೆ ತಣ್ಣಗಾಗುತ್ತದೆ. % ಮಾತ್ರ ಕಳ್ಳ. ಕೂಗುವುದೇ ಇಲ್ಲ, ಸಾಲಿನಲ್ಲಿ ತನ್ನ ಬಲಕ್ಕಿರುವುದನ್ನೆಲ್ಲ ಸದ್ದಿಲ್ಲದೆ ನುಂಗಿಬಿಡುತ್ತದೆ, ಅದು ಅಚ್ಚಿಗೇ ಬರುವುದಿಲ್ಲ.

ನಾಗಮಂಗಲದ ನಾಗೇಶ ಮರುದಿನ ಪ್ರಬಂಧ ಒಪ್ಪಿಸಬೇಕಿತ್ತು. ಕೆರೆ ನೀರಿನ ಪರೀಕ್ಷೆಯ ಮೇಲೆ ಬರೆದದ್ದು. ಅರ್ಧ ಕೆಲಸ ಅವನ ಜೊತೆಗಾರ ಶಿವಣ್ಣನದು. ಸಂತೆಬಾಚಹಳ್ಳಿಯ ಆ ಹುಡುಗ ಸೀಸೆಗೆ ನೀರು ತುಂಬಲು ಕೆರೆಗಿಳಿದವನು ಮೇಲೆ ಬರಲಿಲ್ಲ. ಅವನ ತಾಯಿ ಕೆಂಪಮ್ಮ ಕೇಳಿದ್ದು ಇಷ್ಟೇ... ಪುಸ್ತಕದಲ್ಲಿ ಮಗನ ಹೆಸರಿರಲಿ, ಬಂದು ಒಮ್ಮೆ ಮುಟ್ಟಿ ನೋಡುತ್ತೇನೆ.

"ಸತ್ತೋನ್ಗೆ ಯಾಕಣ್ಣ ಎಸ್ರು? ಆವಮ್ಮಂಗೆ ಓದಾಕೂ ಬರಾಕಿಲ್ಲ, ಬುಡು" ಎಂದು ನನ್ನ ಪಕ್ಕದಲ್ಲೇ ಕೂತು ನಕ್ಕ ನಾಗೇಶ, ಕೃತಜ್ಞತೆಯ ಪುಟದಲ್ಲಿ ಶಿವಣ್ಣನ ಸಾಲಿನ ಆರಂಭಕ್ಕೆ ತಾನೇ % ಒತ್ತಿದ. ನನಗೆ ಮೈಯೆಲ್ಲ ಉರಿಯಿತು.

ಉಳಿದ ತಪ್ಪುಗಳನ್ನೆಲ್ಲ ತಿದ್ದಿ ಪ್ರೋಗ್ರಾಂ ಓಡಿಸಿದೆ. ಎರರ್... ಅದೇ ಸಾಲಿನಲ್ಲಿ! ಲೇಟೆಕ್ ಕಣ್ಣೆತ್ತಿಯೂ ನೋಡಬಾರದ ಸಾಲು ಅದು. % ತೆಗೆದೆ, ಸರಾಗವಾಗಿ ಓಡಿತು. ಹಾಕಿದೆ, ಮತ್ತೆ ನಿಂತಿತು. ಬಾಗಿಲು ಮುಚ್ಚಿದ ಅಂಗಡಿಯೊಳಗೆ ಕೆರೆ ಕೆಸರಿನ ವಾಸನೆ... ಎಲ್ಲೋ ನೀರು ತೊಟ್ಟಿಕ್ಕುವ ಸದ್ದು...

"ಬ್ಯಾಡ ಕಣ್ಲಾ ನಾಗೇಶ, ಇರ್ಲಿ ಅವ್ನ ಎಸ್ರು" ಎಂದು ಪಿಸುಗುಟ್ಟಿದೆ.

"ಥೂ, ಅತ್ಲಾಗ್ ಸರಿ!" ನನ್ನನ್ನು ತಳ್ಳಿ ಇಡೀ ಸಾಲನ್ನೇ ಅಳಿಸಿಹಾಕಿದ. ಪುಟ ಅಚ್ಚಾಗಿ ಬಂತು. ಹೆಸರಿದ್ದ ಜಾಗ ಮಾತ್ರ ಖಾಲಿಯಾಗಿಯೇ ಉಳಿದಿತ್ತು. ಕೆಳಗಿನ ಸಾಲು ಮೇಲೇರಲಿಲ್ಲ. ಯಾಕೆಂದು ನನಗೆ ಈಗಲೂ ಗೊತ್ತಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೇ ಕೆಂಪಮ್ಮ ಅಂಗಡಿಗೆ ಬಂದಳು. "ಎಲ್ಲದಪ್ಪ ನನ್ ಮಗನ್ ಎಸ್ರು?"

ನಾಗೇಶ ಅವಳ ಬೆರಳು ಹಿಡಿದು, ಪುಟದ ಕೊನೆಯಲ್ಲಿದ್ದ ತನ್ನ ಹೆಸರಿನ ಮೇಲಿಟ್ಟ. "ಇದೇ ಕಣವ್ವ, ಮುಟ್ಕೊ." ನನ್ನತ್ತ ಕಣ್ಣು ಮಿಟುಕಿಸಿದ, ಪಾಪಿ.

ಅವಳು ಸವರಿ ನೋಡಿ ತಲೆಯಾಡಿಸಿದಳು. ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸುತ್ತಾ ಹೋಗಿ ಆ ಖಾಲಿ ಜಾಗದಲ್ಲಿ ನಿಲ್ಲಿಸಿದಳು.

"ಅದು ನಿಂದು ಕಣಪ್ಪ. ನನ್ ಮಗ ಇಲ್ಲಿ ಅವ್ನೆ... ಯಾಕಪ್ಪ, ಇಷ್ಟೊಂದು ತಣ್ಣಗವ್ನೆ?"

ಅವಳು ಹೋದ ಮೇಲೆ ನಾನೂ ಮುಟ್ಟಿದೆ. ಕಾಗದ ಒದ್ದೆಯಾಗಿತ್ತು.

ನಾಗೇಶನಿಗೆ ಏನೂ ಆಗಲಿಲ್ಲ. ಪದವಿ ಬಂತು, ಮದುವೆಯೂ ಆಯಿತು, ಚೆನ್ನಾಗಿದ್ದಾನೆ. ನಾನು ಮಾತ್ರ ಇವತ್ತಿಗೂ % ಒತ್ತಿದಾಗಲೆಲ್ಲ ಬೆರಳು ಮೂಸಿ ನೋಡಿಕೊಳ್ಳುತ್ತೇನೆ... ಸೋಪು ಹಾಕಿ ಉಜ್ಜಿದರೂ ಆ ಕೆಸರಿನ ವಾಸನೆ ಹೋಗುತ್ತಿಲ್ಲ.